ನುವರ ಎಲಿಯದ ಎರಡು ಗೆಡ್ಡೆ

ಪ್ರವಾಸ ಕಥನಗಳಲ್ಲಿ ಮೊದಲ ದಿನಗಳಿಗೆ ಸಿಗುವ ಮರ್ಯಾದೆ ಕೊನೆಯ ದಿನಗಳಿಗೆ ಸಿಗುವುದಿಲ್ಲ. ವಿಮಾನ ಹತ್ತಿದ್ದು, ಕಿಟಕಿ ಪಕ್ಕದ ಸೀಟಿಗಾಗಿ ಮುನಿಸಿಕೊಂಡಿದ್ದು, ಪರದೇಶದ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟದ್ದು ಎಲ್ಲವೂ ವಿವರವಾಗಿ ಬರುತ್ತವೆ. ಕೊನೆಗೆ ‘ಹೀಗೆ ಸುಖವಾಗಿ ಊರು ಸೇರಿದೆವು’ ಎಂಬ ಒಂದು ಸಾಲು. ಅದು ಸಹಜವೇ. ಆ ಹೊತ್ತಿಗೆ ಜೇಬು ಹಗುರಾಗಿರುತ್ತದೆ, ಚೀಲ ಭಾರವಾಗಿರುತ್ತದೆ, ಒಗೆಯದ ಬಟ್ಟೆಗಳ ಗಂಟು ಬೆಳೆದಿರುತ್ತದೆ, ಜೀವದ ಗೆಳೆಯನ ಗೊರಕೆಯೂ ಸಾಕಾಗಿರುತ್ತದೆ. ಆದರೆ ನಮ್ಮ ಶ್ರೀಲಂಕಾ ಪ್ರವಾಸದಲ್ಲಿ ಮರೆಯಲಾಗದ್ದೆಲ್ಲ ನಡೆದದ್ದು ಕೊನೆಯ ನಾಲ್ಕು ದಿನಗಳಲ್ಲಿ.

ನಾವು ನಾಲ್ವರು ಹಾಸನ ತಾಲ್ಲೂಕಿನ ದುದ್ದದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು 1984ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಒಬ್ಬ ಅಂಚೆ ಇಲಾಖೆ ಸೇರಿದ. ಇನ್ನೊಬ್ಬ ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಆದ. ಮತ್ತೊಬ್ಬ ಅಪ್ಪನಿಂದ ಬಂದ ಎರಡೂವರೆ ಎಕರೆಯಲ್ಲಿ ಆಲೂಗಡ್ಡೆ ಬೆಳೆಯುತ್ತ ಊರಿನಲ್ಲೇ ಉಳಿದ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ವಿಜ್ಞಾನದ ಮೇಷ್ಟ್ರಾದೆ. ಐವತ್ತು ದಾಟಿದ ಮೇಲೆ ಒಂದು ಸಂಜೆ ಟೀ ಅಂಗಡಿಯ ಮುಂದೆ, “ಸಾಯೋದ್ರೊಳಗೆ ಒಂದ್ಸಲ ಸಮುದ್ರ ದಾಟ್ಬೇಕು ಕಣ್ರೋ” ಎಂದು ಅಂಚೆಯವನು ಹೇಳಿದ್ದೇ ನೆಪ. ತಿಂಗಳಿಗೆ ತಲಾ ಎರಡು ಸಾವಿರದಂತೆ ಎರಡು ವರ್ಷ ಚೀಟಿ ಕಟ್ಟಿದೆವು. ನಾನು ಇಲಾಖೆಯ ಅನುಮತಿ ಪಡೆದೆ. 2023ರ ದಸರಾ ರಜೆಯಲ್ಲಿ ಹೊರಟೆವು. ಬೆಂಗಳೂರಿನಿಂದ ಕೊಲಂಬೊಗೆ ಸುಮಾರು ಒಂದೂವರೆ ಗಂಟೆಯ ಹಾರಾಟ. ದುದ್ದದಿಂದ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟಲು ಅದರ ಮೂರರಷ್ಟು ಹೊತ್ತು ಹಿಡಿದಿತ್ತು.

ಅನುರಾಧಪುರದ ಬೋಧಿವೃಕ್ಷ, ಸಿಗಿರಿಯದ ಬಂಡೆಯ ಮೇಲಿನ ಕಾಶ್ಯಪನ ಕೋಟೆ, ಕ್ಯಾಂಡಿಯ ದಂತ ಮಂದಿರ ಇವಿಷ್ಟನ್ನು ನೋಡುವಷ್ಟರಲ್ಲಿ ಐದು ದಿನ ಕಳೆದಿದ್ದವು. ನಮ್ಮ ಒಂದು ರೂಪಾಯಿಗೆ ಅಲ್ಲಿನ ನಾಲ್ಕು ರೂಪಾಯಿಗೆ ಸಮೀಪ ಸಿಗುತ್ತಿದ್ದುದರಿಂದ ಮೊದಮೊದಲು ಶ್ರೀಮಂತರಂತೆ ಖರ್ಚು ಮಾಡಿದ್ದೆವು. ಉಳಿದ ಹಣ ಎಣಿಸಿದಾಗ ನಮ್ಮ ನಿಜವಾದ ಯೋಗ್ಯತೆ ನೆನಪಾಯಿತು. ಅಲ್ಲಿಗೆ ಜಗಳವೂ ಶುರುವಾಯಿತು. ಕೊಲಂಬೊಗೆ ಹೋಗಿ ಮನೆಯವರಿಗೆ ಏನಾದರೂ ಕೊಳ್ಳೋಣವೆಂದು ಅಂಚೆಯವನು. ಬೆಟ್ಟದ ಸೀಮೆ ನೋಡದೆ ಬರುವುದಿಲ್ಲವೆಂದು ರೈಟರ್. “ನಿಮ್ಮಿಷ್ಟ” ಎಂದಷ್ಟೇ ಹೇಳಿ ಕ್ಯಾಂಡಿಯ ಕೆರೆ ನೋಡುತ್ತ ನಿಂತವನು ರೈತ ಗೆಳೆಯ. ಅವನು ಆ ಪ್ರವಾಸದ ಉದ್ದಕ್ಕೂ ಮಾತು ಕಡಿಮೆ ಮಾಡಿದ್ದನೆಂಬುದು ನಮಗೆ ಆಮೇಲೆ ಹೊಳೆಯಿತು.

ಕಾಫಿ ಅಳಿದ ಕಥೆ

ಬೆಟ್ಟದ ಪರವಾಗಿ ನನ್ನ ಮತ ಬಿತ್ತು. ಹೊರಡುವ ಮುನ್ನ ಆ ದಿನ ಮಧ್ಯಾಹ್ನ ಕ್ಯಾಂಡಿಯಿಂದ ಐದಾರು ಕಿ.ಮೀ. ದೂರದ ಪೆರಾದೆನಿಯದ ಸಸ್ಯೋದ್ಯಾನಕ್ಕೆ ಹೋದೆವು. ಮಹಾವೇಲಿ ಗಂಗಾ ನದಿ ಲಾಳದ ಆಕಾರದಲ್ಲಿ ಬಳಸಿ ಹರಿಯುವ ಜಾಗದಲ್ಲಿ, 1821ರಲ್ಲಿ ಬ್ರಿಟಿಷರು ರೂಪಿಸಿದ ಸುಮಾರು 147 ಎಕರೆಯ ತೋಟ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಸೇನಾ ಕಚೇರಿ ಇಲ್ಲೇ ಇತ್ತು. ಹುಲ್ಲುಹಾಸಿನ ನಡುವೆ ಕೊಡೆಯಂತೆ ಹರಡಿ ನಿಂತ ಜಾವಾ ಅತ್ತಿಯ ಮರದ ಕೆಳಗೆ ನಮ್ಮ ಶಾಲೆಯ ಎಲ್ಲ ಮಕ್ಕಳನ್ನೂ ಕೂರಿಸಬಹುದು.

ರೈಟರ್ ಮಾತ್ರ ಮರಗಳಿಗಿಂತ ಹೆಚ್ಚಾಗಿ ಒಂದು ಕಥೆಗಾಗಿ ಬಂದಿದ್ದ. 1870ರ ದಶಕದಲ್ಲಿ ಸಿಲೋನ್ ಎಂದರೆ ಕಾಫಿ. ಎರಡೂವರೆ ಲಕ್ಷ ಎಕರೆಗೂ ಮೀರಿ ಬೆಟ್ಟಗಳನ್ನು ಬೋಳಿಸಿ ಕಾಫಿ ನೆಟ್ಟಿದ್ದರು. 1869ರಲ್ಲಿ ಗಿಡದ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಆಗ ಪೆರಾದೆನಿಯ ತೋಟದ ಮುಖ್ಯಸ್ಥರಾಗಿದ್ದ ಥ್ವೈಟ್ಸ್ ಆ ಎಲೆಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಶಿಲೀಂಧ್ರ ತಜ್ಞ ಬರ್ಕ್‌ಲಿ ಅದಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಎರಡನೆಯ ಪದದ ಅರ್ಥವೇ ಹಾಳುಗೆಡಹುವಂಥದ್ದು. ಹೆಸರು ಹುಸಿಯಾಗಲಿಲ್ಲ. ಎಡೆಬಿಡದೆ ಒಂದೇ ಜಾತಿಯ ಗಿಡಗಳು ನಿಂತಿದ್ದ ಬೆಟ್ಟಗಳಲ್ಲಿ ಗಾಳಿಯೊಡನೆ ಹಾರಿದ ಬೀಜಕಣಗಳಿಗೆ ಅಡ್ಡಿಯೇ ಇರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಸಿಲೋನಿನ ಕಾಫಿ ಮುಗಿದುಹೋಯಿತು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಗುಣ ಫ್ರಾನ್ಸಿನಲ್ಲಿ ಗೊತ್ತಾದದ್ದು 1885ರ ಸುಮಾರಿಗೆ. ಅಷ್ಟರಲ್ಲಿ ಇಲ್ಲಿ ಹೊತ್ತು ಮೀರಿತ್ತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಈ ತುಕ್ಕು ರೋಗ ನಮ್ಮ ಮಲೆನಾಡಿಗೂ ಬಂದಿತ್ತು. ನಮ್ಮಲ್ಲಿ ಮರದ ನೆರಳಿತ್ತು. ರೋಗ ತಾಳುವ ತಳಿಗಳನ್ನು ಹುಡುಕಿದವರಿದ್ದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆಗೆಂದೇ ಕೇಂದ್ರ ಹುಟ್ಟಿತು. “ನಾವು ಇವತ್ತಿಗೂ ಮಳೆ ಹಿಡಿಯೋಕೆ ಮುಂಚೆ ಬೋರ್ಡೋ ಹೊಡೀದಿದ್ರೆ ಎಲೆ ಉದುರಿಸ್ಕೊಂಡು ಕೂರಬೇಕು. ಇಲ್ಲಿ ಆ ಕಾಲದ ರೈಟರುಗಳ ಗತಿ ಏನಾಯ್ತೋ!” ಎಂದು ನಮ್ಮವನು ನಿಟ್ಟುಸಿರಿಟ್ಟ. ಎಲ್ಲರೂ ನಕ್ಕೆವು. ರೈತ ಗೆಳೆಯ ನಗಲಿಲ್ಲ. “ಗಿಡ ಹೋದ್ಮೇಲೆ ಅವ್ರು ನೆಲ ಏನ್ಮಾಡಿದ್ರು?” ಎಂದು ನನ್ನನ್ನು ಕೇಳಿದ. “ಚಹಾ ಹಾಕಿದರು” ಎಂದೆ. “ದುಡ್ಡಿದ್ದೋರು ಹಾಕಿದ್ರು ಅನ್ನು. ಇಲ್ದೋರು?” ನನ್ನಲ್ಲಿ ಉತ್ತರವಿರಲಿಲ್ಲ.

ಕುದಿಯುವ ನೀರು

ಮರುದಿನ ಕ್ಯಾಂಡಿಯಿಂದ ರೈಲು. ನಾನು ಓಯ ನಿಲ್ದಾಣಕ್ಕೆ ನಾಲ್ಕು ಗಂಟೆಯ ದಾರಿ. ಕಾಫಿ ಇಳಿಸಲೆಂದು ಕೊಲಂಬೊದಿಂದ ಕ್ಯಾಂಡಿಗೆ 1867ರಲ್ಲಿ ರೈಲು ಬಂತು. ಅದು ನಾನು ಓಯ ತಲುಪಿದ್ದು 1885ರಲ್ಲಿ. ಅಷ್ಟರಲ್ಲಿ ಕಾಫಿ ಕೊನೆಯುಸಿರು ಎಳೆಯುತ್ತಿತ್ತು. ಲೂಲೆಕೊಂದೆರ ಎಂಬ ತೋಟದಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲಿ 19 ಎಕರೆಯಲ್ಲಿ ನೆಟ್ಟಿದ್ದ ಚಹಾ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬುತ್ತಿತ್ತು. ರೈಲಿನ ಬಾಗಿಲಲ್ಲಿ ನಿಂತರೆ ಈಗ ಕಣ್ಣಿಗೆ ಬೀಳುವುದು ಅದೇ ಹಸಿರು, ಅದರ ನಡುವೆ ಬೆನ್ನಿಗೆ ಚೀಲ ಕಟ್ಟಿಕೊಂಡ ಹೆಂಗಸರು.

ಎಸ್ಟೇಟಿನ ಆಳುಗಳಿಂದ ತಮಿಳು ಕಲಿತಿದ್ದ ರೈಟರ್ ಆ ಸೀಮೆಯಲ್ಲಿ ನಮ್ಮ ದುಭಾಷಿಯಾದ. ತೋಟದ ಅಂಚಿನಲ್ಲಿ ಎಲೆ ತೂಗಿಸಲು ನಿಂತಿದ್ದ ಹಿರಿಯ ಹೆಂಗಸೊಬ್ಬರನ್ನು ‘ಅಕ್ಕಾ’ ಎಂದು ಮಾತಾಡಿಸಿ ಮೊದಲು ಕೂಲಿ ಎಷ್ಟೆಂದು ಕೇಳಿದ. 2021ರಿಂದ ದಿನಕ್ಕೆ ಸಾವಿರ ಎಂದರು. ನಮ್ಮ ಲೆಕ್ಕಕ್ಕೆ 250 ಚಿಲ್ಲರೆ. ಯಾವ ಊರೆಂದು ಆಕೆ ತಿರುಗಿ ಕೇಳಿದರು. ಕರ್ನಾಟಕ ಎಂದೊಡನೆ “ಸುಳ್ಯವಾ?” ಎಂದರು. ನಾವು ಬೆರಗಾದೆವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ನಡುವೆ ಆದ ಒಪ್ಪಂದದಂತೆ ಇಂಥ ತೋಟಗಳ ಲಕ್ಷಾಂತರ ತಮಿಳರು ಭಾರತಕ್ಕೆ ಬರಬೇಕಾಯಿತು. ಅವರಲ್ಲಿ ಒಂದಷ್ಟು ಕುಟುಂಬಗಳಿಗೆ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಆಕೆಯ ಚಿಕ್ಕಮ್ಮನ ಸಂಸಾರ ಹಾಗೆ ಬಂದದ್ದಂತೆ. ಅವರು ಹೋದ ದಿನ ತನಗೆ ಆರು ವರ್ಷ, ಆಮೇಲೆ ಮುಖ ನೋಡಿಲ್ಲ ಎಂದರು. ನೆಲ ಬಿಟ್ಟು ಹೋಗುವುದೆಂದರೆ ಹೀಗೆ ಎಂಬಂತೆ ನಮ್ಮ ರೈತ ಆಕೆಯನ್ನೇ ನೋಡುತ್ತಿದ್ದ.

ನುವರ ಎಲಿಯ ಸಮುದ್ರ ಮಟ್ಟದಿಂದ ಸುಮಾರು 1,870 ಮೀಟರ್ ಎತ್ತರದ ಊರು. ಸಂಜೆ ಹೊತ್ತಿಗೆ ಮಂಜು, ಜಿಟಿಜಿಟಿ ಮಳೆ. ನಾವು ಇಳಿದುಕೊಂಡ ಸಣ್ಣ ವಸತಿಗೃಹದಲ್ಲಿ ಚಹಾ ಕಾಯಿಸುತ್ತಿದ್ದರು. “ಲೋ ಮೇಷ್ಟ್ರೆ, ಇಷ್ಟು ಚಳೀಲಿ ನೀರು ಬೇಗ ಕುದೀತಲ್ಲ?” ಎಂದ ಅಂಚೆಯವನು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಕೊಲಂಬೊದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 94ಕ್ಕೇ ಕುದಿಯುತ್ತದೆ ಎಂದು ಅಲ್ಲೇ ಪಾಠ ಮಾಡಿದೆ. ಮೇಲೆ ಕುದಿ ಕಂಡರೂ ಒಳಗೆ ಅಷ್ಟು ಬಿಸಿ ಇರುವುದಿಲ್ಲ ಎಂದೂ ಸೇರಿಸಿದೆ. ಇದರ ತಿರುವು ಮುರುವು ಕೂಡ ಸತ್ಯ, ಮೇಲೆ ತಣ್ಣಗೆ ಕಂಡವನ ಒಳಗೆ ಕುದಿ ಇರಬಹುದೆಂಬುದು, ಆಗ ತಲೆಗೆ ಹೊಳೆಯಲಿಲ್ಲ.

ಖಾಲಿ ಬಿಟ್ಟ ಅಂಕಣ

ವಸತಿಗೃಹದ ದಪ್ಪ ರಿಜಿಸ್ಟರಿನಲ್ಲಿ ಹೆಸರು, ಊರು, ಪಾಸ್‌ಪೋರ್ಟ್ ಸಂಖ್ಯೆ, ವೃತ್ತಿ ಬರೆಯಬೇಕಿತ್ತು. ಎಲ್ಲ ಕಡೆಯೂ ನಾಲ್ವರ ಪರವಾಗಿ ಬರೆಯುವ ಕೆಲಸ ಮೇಷ್ಟ್ರದೇ. ಹಿಂದಿನ ಮೂರು ಊರುಗಳಲ್ಲಿ ನಾನು ‘ಫಾರ್ಮರ್’ ಎಂದು ಬರೆಯುವಾಗ ನಮ್ಮ ರೈತ ಎದೆಯುಬ್ಬಿಸಿ ಪಕ್ಕದಲ್ಲಿ ನಿಂತಿರುತ್ತಿದ್ದ. ಈ ಸಲ ಪೆನ್ನು ಹಿಡಿದ ನನ್ನ ಕೈ ಮುಟ್ಟಿ, “ಅದೊಂದು ಖಾಲಿ ಬಿಡ್ಲಾ” ಎಂದ. ತಮಾಷೆ ಎಂದುಕೊಂಡು ಬಿಟ್ಟೆ.

ಮರುದಿನ ಹಕ್ಗಲ ರಸ್ತೆಯಲ್ಲಿ ಸೀತಾ ಎಲಿಯಕ್ಕೆ ಹೋದೆವು. ಅಶೋಕವನ ಇದೇ ಎಂಬ ನಂಬಿಕೆ. ತೊರೆಯ ಪಕ್ಕದಲ್ಲಿ ಸೀತಮ್ಮನ ಗುಡಿ, ಬಂಡೆಯ ಮೇಲೆ ಹನುಮಂತನ ಹೆಜ್ಜೆ ಎಂದು ತೋರಿಸುವ ಗುಂಡಿಗಳು. ಕೈ ಮುಗಿದು ಹಿಂತಿರುಗಿ ನೋಡಿದರೆ ರೈತ ಗೆಳೆಯ ಇಲ್ಲ. ರಸ್ತೆಯ ಆಚೆಗೆ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಾನೆ! ಆಲೂಗಡ್ಡೆಯ ಹೊಲ. ಎಲೆ ಮಗುಚಿ ಅಡಿಭಾಗ ನೋಡುತ್ತಿದ್ದಾನೆ. ಹೊಲದ ಯಜಮಾನರೂ ಅವನೆದುರು ಹಾಗೆಯೇ ಕುಳಿತಿದ್ದಾರೆ. ಇವನಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಆದರೂ ಮಾತುಕತೆ ಭರದಿಂದ ಸಾಗಿತ್ತು.

ಸಿಂಹಳದಲ್ಲಿ ಆಲೂಗಡ್ಡೆಗೆ ‘ಅರ್ತಾಪಲ್’ ಎನ್ನುತ್ತಾರೆ. ನೆಲದ ಸೇಬು ಎಂಬ ಅರ್ಥದ ಡಚ್ ಮಾತು ಅದು. ಕರಾವಳಿಯನ್ನು ಆಳಿದ ಡಚ್ಚರು 1796ರಲ್ಲಿ ಹೋದರು, ಪದ ಉಳಿಯಿತು. ರೈಟರ್ ದುಭಾಷಿಯಾಗಿ ನಿಂತ ಮೇಲೆ ಕಷ್ಟ ಸುಖ ಹೊರಬಂತು. 2021ರಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಲ್ಲಿಸಿ, ವರ್ಷ ತುಂಬುವ ಮೊದಲೇ ನಿಷೇಧ ತೆಗೆಯಿತು. ಅಷ್ಟರಲ್ಲಿ ಒಂದು ಬೆಳೆ ಸೊರಗಿತ್ತು. 2022ರಲ್ಲಿ ದೇಶದ ಬೊಕ್ಕಸ ಬರಿದಾಗಿ ಡೀಸೆಲ್ ಸಿಗದೆ ಬೆಳೆದದ್ದು ಪೇಟೆ ಮುಟ್ಟಲಿಲ್ಲ. ಇವೆರಡರ ಮೇಲೆ ಅಂಗಮಾರಿ. ಎಲೆಯಲ್ಲಿ ನೀರು ತುಂಬಿದಂಥ ಕಂದು ಮಚ್ಚೆ, ಅಡಿಯಲ್ಲಿ ಬೆಳ್ಳಗಿನ ಬೂಷ್ಟು. ಎರಡೇ ದಿನ ಮೋಡ ಮುಸುಕಿ ಸೋನೆ ಹಿಡಿದರೆ ಸಾಕು, ಹೊಲ ಸುಟ್ಟಂತಾಗುತ್ತದೆ. ಹಾಸನದ ಆಲೂಗಡ್ಡೆಯನ್ನು ವರ್ಷ ವರ್ಷವೂ ಕಾಡುವುದು ಇದೇ ರೋಗ. ಈ ಫೈಟಾಫ್ತೊರಾ ಜೀವಿಯನ್ನು ನಾವು ಓದುವಾಗ ಶಿಲೀಂಧ್ರ ಎಂದು ಕಲಿಸಿದ್ದರು. ಕಂದು ಪಾಚಿಗಳ ಹತ್ತಿರದ ಬಳಗವೆಂದು ಈಗ ತಿಳಿದಿದೆ. 1845ರಿಂದ ಐರ್ಲೆಂಡಿನಲ್ಲಿ ಬೆಳೆ ನಾಶ ಮಾಡಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದೂ ಇದೇ. ಅಲ್ಲಿಯೂ ಬಹುಪಾಲು ಬಡವರು ನೆಟ್ಟದ್ದು ಒಂದೇ ತಳಿ. ನಮ್ಮ ಹಾಸನದಲ್ಲೂ ಹೆಚ್ಚಿನ ರೈತರು ನೆಚ್ಚಿದ್ದು ಜಲಂಧರ್‌ನಿಂದ ಲಾರಿಯಲ್ಲಿ ಬರುವ ಕುಫ್ರಿ ಜ್ಯೋತಿ ಎಂಬ ಒಂದೇ ತಳಿಯನ್ನು.

ಹೊರಡುವಾಗ ಆ ಯಜಮಾನರು ಕೊಟ್ಟಿಗೆಯಿಂದ ಮೊಳಕೆ ಒಡೆಯುತ್ತಿದ್ದ ಎರಡು ಗೆಡ್ಡೆ ತಂದು ನಮ್ಮವನ ಕೈಯಲ್ಲಿಟ್ಟರು. ಈ ತಳಿ ರೋಗವನ್ನು ತುಸು ತಾಳುತ್ತದೆ ಎಂದರಂತೆ. ಅವನು ಅದನ್ನು ಪಂಚೆಯ ತುದಿಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡ.

ಆ ರಾತ್ರಿ

ರಾತ್ರಿ ಊಟವಾದ ಮೇಲೆ ಕಂಬಳಿ ಹೊದ್ದು ಕುಳಿತಿದ್ದೆವು. ಖಾಲಿ ಅಂಕಣದ ವಿಷಯ ನಾನೇ ಎತ್ತಿದೆ.

“ಏನಂತ ಬರೆಸ್ಲಿ? ಹೊಲಕ್ಕೆ ಅಡ್ವಾನ್ಸ್ ಇಸ್ಕೊಂಡಿದೀನಿ. ಕಾರ್ತೀಕ ಕಳೆದ್ಮೇಲೆ ರಿಜಿಸ್ಟ್ರು. ಎರಡೂವರೆ ಎಕರೇನೂ.”

ಯಾರೂ ಉಸಿರೆತ್ತಲಿಲ್ಲ. ಚೀಟಿಯ ಲೆಕ್ಕ ಬರೆಯುತ್ತಿದ್ದ ಅಂಚೆಯವನಿಗೆ ಮೊದಲು ಅರ್ಥವಾಯಿತು. ಹತ್ತು ತಿಂಗಳು ಬಾಕಿ ಉಳಿಸಿಕೊಂಡಿದ್ದವನು ಜುಲೈನಲ್ಲಿ ಒಟ್ಟಿಗೆ ಇಪ್ಪತ್ತು ಸಾವಿರ ತಂದು ಕೊಟ್ಟಿದ್ದ. “ಆ ದುಡ್ಡೇನ್ಲಾ ಅದು? ಹೊಲ ಮಾರ್ಕೊಂಡು ಲಂಕೆ ನೋಡ್ಬೇಕಿತ್ತಾ ನಿಂಗೆ?” ಎಂದು ಎದ್ದು ನಿಂತ. ಅವನ ಸಿಟ್ಟಿನಲ್ಲಿ ಅಳುವಿತ್ತು.

“ಬರ್ದೇ ಇದ್ದಿದ್ರೆ ನೀವೂ ಹೊರಡ್ತಿರ್ಲಿಲ್ಲ. ಮಾರಿದ್ಮೇಲೆ ಬಂದಿದ್ರೆ ಯಾವ ಮಕ ಹೊತ್ಕೊಂಡು ಬರ್ಲಿ? ಹೊಲ ಇನ್ನೂ ನಂದಾಗಿರೋವಾಗ್ಲೇ ಒಂದ್ಸಲ ನಿಮ್ ಜೊತೆ ಬಂದ್ಬಿಡಾನ ಅನ್ನಿಸ್ತು” ಎಂದ. ಐದು ವರ್ಷದಲ್ಲಿ ಮೂರು ಬೆಳೆ ಅಂಗಮಾರಿಗೆ ಹೋಗಿತ್ತು. ಬಿತ್ತನೆ ಗೆಡ್ಡೆಗೆ, ಔಷಧಿಗೆ, ಗೊಬ್ಬರಕ್ಕೆ ಮಾಡಿದ ಸಾಲ ಬೆಳೆಯುತ್ತ ಹೋಗಿತ್ತು. ಇದಾವುದನ್ನೂ ಅವನು ನಮಗೆ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ನನಗೆ ನಿದ್ದೆ ಬರಲಿಲ್ಲ. ಮಕ್ಕಳಿಗೆ ಐರ್ಲೆಂಡಿನ ಕ್ಷಾಮದ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವನ ಹೊಲ ನನ್ನ ಮನೆಯಿಂದ ಒಂದು ಕಿ.ಮೀ. ಇಲ್ಲ. ಐದು ವರ್ಷದಲ್ಲಿ ಒಂದು ದಿನವೂ ಅದರ ಬದುವಿನ ಮೇಲೆ ನಾನು ಕಾಲಿಟ್ಟಿರಲಿಲ್ಲ. ಪ್ರತಿ ಸಂಜೆ ಟೀ ಅಂಗಡಿಯಲ್ಲಿ ಭೇಟಿಯಾಗುತ್ತಿದ್ದೆವು, ರಾಜಕೀಯ ಮಾತಾಡುತ್ತಿದ್ದೆವು, ಬೈಟು ಕುಡಿದು ಎದ್ದು ಹೋಗುತ್ತಿದ್ದೆವು. ಗೆಳೆಯನ ಹೊಲ ನೋಡಲು ನಾನು ಸಮುದ್ರ ದಾಟಬೇಕಾಯಿತು.

ಎರಡು ಗೆಡ್ಡೆಯ ಪಲ್ಯ

ಮರುದಿನ ಬೆಟ್ಟ ಇಳಿದು, ಕಟುನಾಯಕೆ ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ಕಡಲ ತಡಿಯ ನೆಗೊಂಬೊಗೆ ಬಂದೆವು. ಕೊಲಂಬೊದ ಅಂಗಡಿಗಳ ಮಾತನ್ನು ಅಂಚೆಯವನೇ ಕೈಬಿಟ್ಟ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆವು. ಸಾಲವೆಷ್ಟು, ಅಡ್ವಾನ್ಸ್ ಎಷ್ಟು, ಪೂರ್ತಿ ಮಾರದೆ ಸ್ವಲ್ಪ ಮಾರಿದರೆ ಹೇಗೆ, ಕೊಳ್ಳುವವರು ಒಪ್ಪುತ್ತಾರೆಯೇ? ನೆಗೊಂಬೊದ ವಸತಿಗೃಹದ ರಿಜಿಸ್ಟರು ಮುಂದೆ ಬಂದಾಗ ನಾನು ವೃತ್ತಿಯ ಅಂಕಣದಲ್ಲಿ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದೆ. “ಬರ್ಕೊ. ಇನ್ನೂ ರಿಜಿಸ್ಟ್ರಾಗಿಲ್ವಲ್ಲ” ಎಂದ.

ರಾತ್ರಿ ಸಾಮಾನು ಕಟ್ಟುವಾಗ ಅವನ ಪೆಟ್ಟಿಗೆಯಲ್ಲಿ ಬನಿಯನ್ನಿನೊಳಗೆ ಸುತ್ತಿಟ್ಟ ಆ ಎರಡು ಗೆಡ್ಡೆ ಕಂಡವು. ಕಣ್ಣುಗಳಲ್ಲಿ ಮಣ್ಣು ಇನ್ನೂ ಅಂಟಿತ್ತು. “ಇದು ಬೇಡ” ಎಂದೆ. “ಎರಡೇ ಕಣ್ಲಾ. ಯಾರು ನೋಡ್ತಾರೆ?” ಎಂದ.

ಮೇಷ್ಟ್ರಾಗಿ ಮೂವತ್ತು ವರ್ಷದಲ್ಲಿ ಇಷ್ಟು ಕಷ್ಟದ ಪಾಠವನ್ನು ನಾನು ಮಾಡಿರಲಿಲ್ಲ. ಹೊರದೇಶದ ಗಿಡ, ಗೆಡ್ಡೆ, ಮಣ್ಣನ್ನು ತಪಾಸಣೆಯಿಲ್ಲದೆ ತರಬಾರದೆಂದು 2003ರ ಸಸ್ಯ ಸಂಪರ್ಕ ತಡೆ ಆದೇಶ ಇದೆ. ಆದರೆ ಅವನನ್ನು ತಡೆದದ್ದು ಕಾನೂನಿನ ಮಾತಲ್ಲ. ನೀಲಗಿರಿಯ ಆಲೂಗಡ್ಡೆ ಹೊಲಗಳಲ್ಲಿ 1961ರಲ್ಲಿ ಕಂಡ ಕೋಶ ಜಂತುಹುಳುವಿನ ಕಥೆ ಹೇಳಿದೆ. ಸಾಸಿವೆಗಿಂತ ಸಣ್ಣ ಕೋಶದೊಳಗೆ ಅದರ ಮೊಟ್ಟೆಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ. ಅಲ್ಲಿನ ಗೆಡ್ಡೆಯನ್ನು ಬಿತ್ತನೆಗೆಂದು ಹೊರಗೆ ಸಾಗಿಸದಂತೆ ತಡೆ ಹಾಕಬೇಕಾಯಿತು. “ಯಾರೋ ಒಳ್ಳೇ ಮನಸ್ಸಿಂದ್ಲೇ ಎರಡು ಗೆಡ್ಡೆ ತಂದಿರ್ತಾರೆ ಕಣೋ. ನಿನ್ನ ಹೊಲದ ಪಕ್ಕ ಇನ್ನೊಬ್ಬರ ಹೊಲ ಇದೆ” ಎಂದೆ.

ಅವನು ಬಹಳ ಹೊತ್ತು ಗೆಡ್ಡೆಗಳನ್ನು ಕೈಯಲ್ಲಿ ತೂಗಿಸುತ್ತ ಕುಳಿತ. ಆಮೇಲೆ ತಾನೇ ಎದ್ದು ಅಡುಗೆಮನೆಗೆ ಹೋಗಿ ಕೊಟ್ಟು ಬಂದ. ಬೆಳಿಗ್ಗೆ ಮೊಳಕೆ ಕೆತ್ತಿ, ತೆಂಗಿನ ಹಾಲು ಹಾಕಿ ಪಲ್ಯ ಮಾಡಿಕೊಟ್ಟರು. ನಾಲ್ವರಿಗೆ ಎರಡು ಗೆಡ್ಡೆ ಎಷ್ಟು ಬಂದೀತು? ಆದರೂ ಹಂಚಿಕೊಂಡೆವು. “ರುಚಿ ನಮ್ದೇ ಮೇಲು” ಎಂದ ರೈತ. ಎಂಟು ದಿನದಲ್ಲಿ ಅವನು ಮನಸಾರೆ ನಕ್ಕದ್ದು ಆಗಲೇ.

ಊರಿಗೆ ಬಂದ ಮೇಲೆ

ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಕೊಳ್ಳುವವರು ಮೊದಲು ಒಪ್ಪಲಿಲ್ಲ. ನಾವು ಮೂವರು ಕೈಲಾದಷ್ಟು ಹಾಕಿ ಅಡ್ವಾನ್ಸಿನ ಒಂದು ಭಾಗ ಹಿಂತಿರುಗಿಸಿ, ಊರ ಹಿರಿಯರನ್ನು ಕೂರಿಸಿ ಮಾತಾಡಿದ ಮೇಲೆ 2023ರ ಡಿಸೆಂಬರಿನಲ್ಲಿ ಒಂದೂವರೆ ಎಕರೆ ಮಾತ್ರ ರಿಜಿಸ್ಟರ್ ಆಯಿತು. ಒಂದು ಎಕರೆ ಉಳಿಯಿತು. ಅದರಲ್ಲೀಗ ಅರ್ಧಕ್ಕೆ ರಾಗಿ, ಅವರೆ. ಇನ್ನರ್ಧಕ್ಕೆ ಮಾತ್ರ ಆಲೂಗಡ್ಡೆ.

ಶಾಲೆಯ ಜಗಲಿಯಲ್ಲಿ ಎರಡು ಉಷ್ಣಮಾಪಕಗಳನ್ನು ತೂಗುಹಾಕಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದೇವೆ. ಒಣ ಹಾಗೂ ಒದ್ದೆ ಬುರುಡೆಗಳ ವ್ಯತ್ಯಾಸದಿಂದ ಗಾಳಿಯ ತೇವವನ್ನು ಒಂಬತ್ತನೆಯ ತರಗತಿಯ ಮಕ್ಕಳು ದಿನಾ ಲೆಕ್ಕ ಹಾಕುತ್ತಾರೆ. ತಂಪಿನ ಜೊತೆಗೆ ತೇವ ತೊಂಬತ್ತು ದಾಟಿ ಎರಡು ದಿನ ನಿಂತರೆ ಅಂಗಮಾರಿಗೆ ಹದವಾದ ಹವೆ. ಆ ಸುದ್ದಿ ಅವನ ಹೊಲಕ್ಕೂ ಅಕ್ಕಪಕ್ಕದ ಹೊಲಗಳಿಗೂ ಮಕ್ಕಳ ಬಾಯಲ್ಲೇ ಹೋಗುತ್ತದೆ. 2024ರ ಮಳೆಗಾಲದಲ್ಲಿ ರೋಗ ಬರದೇ ಇರಲಿಲ್ಲ. ಆದರೆ ಬರುವ ಮೊದಲ ಔಷಧಿ ಬಿದ್ದಿತ್ತು, ಮುಕ್ಕಾಲು ಪಾಲು ಬೆಳೆ ಕೈಗೆ ಬಂತು.

ಅಂಚೆಯವನು ಮತ್ತೆ ಚೀಟಿ ಶುರು ಮಾಡಿದ್ದಾನೆ. ಎಲ್ಲಿಗೆ ಹೋಗುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಒಂದು ನಿಯಮ ಮಾತ್ರ ಹೊಸದಾಗಿ ಸೇರಿದೆ. ಯಾರಾದರೂ ಒಂದು ಕಂತು ತಪ್ಪಿಸಿದರೆ ಉಳಿದ ಮೂವರು ಮರುದಿನವೇ ಅವನ ಮನೆಗೆ ಹೋಗಬೇಕು, ದುಡ್ಡು ಕೇಳುವುದಕ್ಕಲ್ಲ.